ಕಾವಲುಗಾರನ ರಜೆ

ಇಪ್ಪತ್ತೆರಡು ವರ್ಷ ಸಿಂಧನೂರಿನ ಖಜಾನೆಯ ಬಾಗಿಲಲ್ಲಿ
ಬೀಗದ ಜೊತೆ ಬೀಗವಾಗಿ ನಿಂತವನು.
ರಿಟೈರಾದರೂ ಕಣ್ಣು ರಜೆ ಹಾಕುವುದಿಲ್ಲ:
ಮೊದಲು ಕದ, ಆಮೇಲೆ ಕಿಟಕಿ,
ಆಮೇಲೆ ಯಾರ ಕೈ ಯಾರ ಜೇಬಿನ ಹತ್ತಿರ.

ತಂಗಿ ನೀಲವ್ವನ ಗಂಟಲ ಗಡ್ಡೆ ತೆಗೆಸಲು ಮುಂಬಯಿಗೆ ಬಂದೆ.
ದಾದರಿನಲ್ಲಿ ಇಳಿದಾಗ ನಸುಕಿನ ಐದೂವರೆ.
ಕದವಿಲ್ಲದ ಬಾಗಿಲೊಂದು, ಬರೀ ಚೌಕಟ್ಟು,
ಹಾದವರಿಗೆಲ್ಲ ಕುಂಯ್ ಅನ್ನುತ್ತಿತ್ತು.
ಸ್ಟೀಲಿನ ಡಬ್ಬಿಗೂ, ಕನ್ನಡಕಕ್ಕೂ,
ಮೀನಿನ ಬುಟ್ಟಿಯವಳ ಕೊಯ್ಗತ್ತಿಗೂ
ಒಂದೇ ಕುಂಯ್.
ಪಕ್ಕದ ಕುರ್ಚಿಯ ಹುಡುಗ ತಲೆ ಎತ್ತಲಿಲ್ಲ.
ನನಗೆ ಸಿಟ್ಟು ಬಂತು, ವೃತ್ತಿಯ ಸಿಟ್ಟು.
'ತಮ್ಮಾ, ಅದು ಒದರಾಕತ್ತೈತಲ್ಲೋ' ಅಂದೆ.
ಮರಾಠಿಯಲ್ಲಿ ಏನೋ ಹೇಳಿದ.
ದಿನಾ ಒದರುತ್ತದೆ ಕಾಕಾ, ಅಂತಿರಬೇಕು.

ಮೇಲೆ ಮೈಕಿನಲ್ಲಿ ಹೆಣ್ಣುದನಿ, ಸಕ್ಕರೆಯಂಥದು,
ನಡುನಡುವೆ 'ಬೇವಾರಸ್, ಬೇವಾರಸ್' ಅನ್ನುತ್ತಿತ್ತು.
ಬೆಚ್ಚಿಬಿದ್ದೆ. ಇಷ್ಟು ಹೊತ್ತಿಗೇ, ಇಷ್ಟು ಜನರೆದುರು,
ಯಾರನ್ನು ಬೈಯುತ್ತಿದ್ದಾಳೆ ಈ ಮಗಳು?
ಪೋರ್ಟರ್ ನಕ್ಕು ಬಿಡಿಸಿ ಹೇಳಿದ:
ದಿಕ್ಕಿಲ್ಲದ ಚೀಲ ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ.

ಮೂರನೆಯ ದಿನ ಆ ಬೈಗುಳ ನನಗೇ ಬಂತು.
ಪರೇಲಿನ ಬೆಂಚಿನ ಮೇಲೆ ಚೀಲ ಇಟ್ಟು ನೀರು ಕುಡಿಯಲು ಹೋದವನು
ತಿರುಗಿದರೆ ಬೆಂಚಿನ ಸುತ್ತ ಹತ್ತು ಮಾರು ಖಾಲಿ.
ಆ ಊರಿನಲ್ಲಿ ಅಷ್ಟು ಖಾಲಿ ಜಾಗ
ಹಿಂದೆಂದೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.
ಹಗ್ಗ ಹಿಡಿದ ಕಾನ್ಸ್‌ಟೇಬಲ್, ಎದೆಯಲ್ಲಿ ಹೆಸರು ಘಾಡ್ಗೆ.
ಕಂದು ನಾಯಿ ಮೂತಿ ತೂರಿಸಿತು,
ಒಂದು ಗಳಿಗೆ ಲೋಕವೆಲ್ಲ ಉಸಿರು ಹಿಡಿಯಿತು,
ನಾಯಿ ಸೀನಿತು.
ಶೇಂಗಾ ಹಿಂಡಿ.
ಖಡಕ್ ರೊಟ್ಟಿಯ ಗಂಟು ಬಿಚ್ಚಿ ತೋರಿಸಿದೆ, ಕೈ ನಡುಗುತ್ತಿತ್ತು.
'ಭಾಕರಿ?' ಅಂದಳು ಅವಳು. 'ರೊಟ್ಟಿ' ಅಂದೆ ನಾನು.
ಬೈದಳು, ಚೆನ್ನಾಗಿಯೇ ಬೈದಳು.
ಒಂದು ರೊಟ್ಟಿ ಮುರಿದು ನಾಯಿಗೆ ಹಾಕಲು ಹೋದರೆ
ಡ್ಯೂಟಿಯಲ್ಲಿ ತಿನ್ನುವುದಿಲ್ಲ ಅದು, ಅಂದಳು.
ಮೆಚ್ಚಿದೆ. ಖಜಾನೆಯಲ್ಲಿ ನಾವು ತಿನ್ನುತ್ತಿದ್ದೆವು.

ರಾತ್ರಿ ಆಸ್ಪತ್ರೆಯ ಹೊರಗೆ ಫುಟ್‌ಪಾತಿನುದ್ದಕ್ಕೂ ನಿದ್ದೆ.
ಎಕ್ಸ್‌ರೇ ಲಕೋಟೆಯೇ ದಿಂಬು ಒಬ್ಬನಿಗೆ.
ಒಬ್ಬಳು ಸೆರಗಿನ ತುದಿಯನ್ನು ಚೀಲದ ಹಿಡಿಗೆ ಗಂಟು ಹಾಕಿದ್ದಾಳೆ,
ಇನ್ನೊಂದು ತುದಿಯಲ್ಲಿ ತಾನು.
ಗಂಟು ನೋಡಿದೆ. ಒಳ್ಳೆಯ ಗಂಟು.

ಹನ್ನೆರಡೂ ನಲವತ್ತಕ್ಕೆ ಹಿಂದಿನ ಗಲ್ಲಿಯಲ್ಲಿ
ಹುಡುಗಿಯೊಬ್ಬಳು ಒಂಟಿಯಾಗಿ, ವಡಾಪಾವ್ ತಿನ್ನುತ್ತ,
ತನ್ನ ಅಂಗಳದಲ್ಲೇ ಇದ್ದ ಹಾಗೆ ನಡೆದಿದ್ದಳು.
ನಮ್ಮೂರಲ್ಲಿ ಇಂಥ ಹೊತ್ತಿಗೆ ನಾಯಿಗೂ ಜೊತೆ ಬೇಕು.
ಮನಸ್ಸು ತಡೆಯಲಿಲ್ಲ. ಇಪ್ಪತ್ತು ಹೆಜ್ಜೆ ಹಿಂದೆ
ನಾನೂ ನಡೆದೆ, ಕಾವಲಿಗೆ.

ಅವಳ ನಡಿಗೆ ಚುರುಕಾಯಿತು. ನನ್ನದೂ.
ಪಾವ್ ಎಸೆದಳು.
ಬೀಗದಕೈ ಬೆರಳ ಸಂದಿಗೆ ಬಂತು, ಮೊನೆ ಹೊರಗೆ.
ಆಗ ಕೇಳಿಸಿತು ನನಗೆ
ಯಾವ ಚೌಕಟ್ಟೂ ಇಲ್ಲದ ಆ ಬೀದಿಯಲ್ಲಿ
ನಾನು ಹಾದದ್ದಕ್ಕೇ ಎದ್ದ
ಕುಂಯ್.

ನಿಂತೆ. ದೀಪದ ಕೆಳಗೆ ಹೋಗಿ, ಮುಚ್ಚಿದ ಅಂಗಡಿಯ ಕಟ್ಟೆಗೆ ಕೂತೆ,
ಎರಡೂ ಕೈ ಮೊಣಕಾಲ ಮೇಲೆ, ಕಾಣುವಂತೆ.
ಕೆಮ್ಮಿದೆ, ಇರುವುದಕ್ಕಿಂತ ತುಸು ಹೆಚ್ಚೇ ಮುದುಕನಾಗಿ.
ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದಳು.
ಆಮೇಲೆ ಚಪ್ಪಲಿಯ ಸದ್ದು ಮಾತ್ರ. ಆಮೇಲೆ ಅದೂ ಇಲ್ಲ.

ಎದುರಿನ ಶಟರಿಗೆ ಮೂರು ಬೀಗ.
ನಡುವಿನದನ್ನು ಒತ್ತಿರಲಿಲ್ಲ, ಸುಮ್ಮನೆ ಸಿಕ್ಕಿಸಿ ಹೋಗಿದ್ದರು.
ಎದ್ದು ಒತ್ತಿಬಿಡೋಣ ಅನ್ನಿಸಿತು.
ಮುಟ್ಟಲಿಲ್ಲ.